ಸಂಧಿವಾತ: ಕೆಲಸ ಬಿಡುವುದಲ್ಲ, ರೀತಿ ಬದಲಿಸುವುದು

ಸಂಧಿವಾತದ ರೋಗಿಗೆ ‘ಕೆಲಸ ಬಿಡಿ’ ಎನ್ನುವುದು ಸುಲಭ. ಆದರೆ ತೆಲಸಂಗದ ಗೃಹಿಣಿ ಜೋಳದ ರೊಟ್ಟಿ ಬಡಿಯುವುದನ್ನು ಬಿಡಲಾದೀತೆ? ಕೆಲಸದ ರೀತಿ ಬದಲಿಸುವುದೇ ಸರಿಯಾದ ದಾರಿ. ಇದನ್ನು ಕಲಿಸುವುದೇ ಆಕ್ಯುಪೇಶನಲ್ ಥೆರಪಿ.

ನಾಲ್ಕು ರೊಟ್ಟಿಗೊಮ್ಮೆ ಕೈಗೆ ವಿರಾಮ ಕೊಡಿ. ಸವಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಕೊಡವನ್ನು ಅರ್ಧವೇ ತುಂಬಿಸಿ, ಬೆರಳಿನಿಂದ ಎತ್ತದೆ ಎರಡೂ ಅಂಗೈಗಳಿಂದ ಮೈಗೆ ಆನಿಸಿ ಹಿಡಿಯಿರಿ. ಕೀಲು ಊದಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ ವೈದ್ಯರಿಗೆ ತೋರಿಸಿ. ವೈದ್ಯರು ಕೊಟ್ಟ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ.

2021ರ ಕೇಂದ್ರ ಕಾಯ್ದೆಯು ಆಕ್ಯುಪೇಶನಲ್ ಥೆರಪಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಈ ತಜ್ಞರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವಾರಕ್ಕೊಮ್ಮೆಯಾದರೂ ಸಿಗಬೇಕು. ಅಲ್ಲಿಯವರೆಗೆ ಕೊಡ ಎತ್ತುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ.