ಮನೆಯ ವಾಹನ: ನಾಲ್ಕರಲ್ಲಿ ಒಂದು ಮೌನವಾದಾಗ

ಬದಿಯಡ್ಕದ ಆಚೆಯ ಹಳ್ಳಿಯೊಂದರಿಂದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಮನೆಯಲ್ಲಿರುವುದು ಇಪ್ಪತ್ತೈದು ವರ್ಷ ದುಡಿದ ಡೀಸೆಲ್ ಪಿಕಪ್. ತೋಟದ ಅಡಿಕೆ, ತೆಂಗಿನಕಾಯಿ, ಬಾಳೆಗೊನೆಗಳು ಪೇಟೆ ಸೇರುವುದು ಅದರಲ್ಲೇ. ನೆರೆಕರೆಯ ಬಾಡಿಗೆಯಿಂದ ಕೈಗೆ ನಾಲ್ಕು ಕಾಸು ಬರುವುದೂ ಅದರಿಂದಲೇ. ಮಳೆ ಹಿಡಿದ ವಾರದಲ್ಲಿ ಹೇರು ತುಂಬಿಕೊಂಡು ಚಡಾವು ಹತ್ತುತ್ತಿದ್ದಾಗ ಇಂಜಿನ್ ಇದ್ದಕ್ಕಿದ್ದಂತೆ ಕುಂಟತೊಡಗಿತಂತೆ. ನೋಡಿದ ಮೆಕ್ಯಾನಿಕರೊಬ್ಬರು ಇಂಜಿನ್ ಬಿಚ್ಚದೆ ಗತಿಯಿಲ್ಲವೆಂದು ತೀರ್ಪಿತ್ತರಂತೆ. ಮನೆಯಾಕೆಯ ಬಂಗಾರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಆ ಕೆಲಸಕ್ಕೆ ಕೈಹಾಕಬೇಕೇ, ಇಲ್ಲವೇ ವಾಹನವನ್ನು ಗುಜರಿಗೆ ಕೊಡಬೇಕೇ ಎಂಬುದು ಅವರ ಪ್ರಶ್ನೆ.

ಎರಡನ್ನೂ ಸದ್ಯಕ್ಕೆ ಮಾಡಬೇಡಿರೆಂಬುದೇ ನಮ್ಮ ಉತ್ತರ. ಅದಕ್ಕೆ ಕಾರಣ ಅವರ ಪತ್ರದಲ್ಲಿಯೇ ಇದೆ: 'ಇದ್ದಕ್ಕಿದ್ದಂತೆ' ಎಂಬ ಒಂದು ಮಾತು. ಸಿಲಿಂಡರಿನ ಸವೆತ, ಪಿಸ್ಟನ್ ಉಂಗುರಗಳ ಸವೆತ, ವಾಲ್ವುಗಳ ಸವೆತ - ಇವೆಲ್ಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ವ್ಯವಹಾರಗಳು. ಬೆಳಗಿನ ಸ್ಟಾರ್ಟಿಂಗ್ ದಿನದಿಂದ ದಿನಕ್ಕೆ ಕಷ್ಟವಾಗುವುದು, ಎಣ್ಣೆ ಖರ್ಚಾಗುವುದು, ನೀಲಿ ಹೊಗೆ ಕಾಣುವುದು ಮುಂತಾದ ಮುನ್ಸೂಚನೆಗಳನ್ನು ಕೊಟ್ಟೇ ಅವು ಬರುತ್ತವೆ. ನಿನ್ನೆಯವರೆಗೆ ನೆಟ್ಟಗಿದ್ದ ಇಂಜಿನ್ ಇಂದು ಒಮ್ಮೆಲೇ ತಪ್ಪಿ ಹೊಡೆದರೆ ಮೊದಲು ಸಂಶಯಿಸಬೇಕಾದುದು ಇಂಧನವನ್ನು, ಇಂಧನದೊಳಗೆ ನುಸುಳಿದ ಗಾಳಿಯನ್ನು, ಮತ್ತು ನೀರನ್ನು.

ನಮ್ಮ ಗ್ಯಾರೇಜುಗಳಲ್ಲಿ 'ಮಿಸ್ಸಿಂಗ್' ಎಂದು ಕರೆಯುವ ಈ ದೋಷದ ಸ್ವರೂಪವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ನಾಲ್ಕು ಸಿಲಿಂಡರುಗಳ ಇಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ನಿಂತಲ್ಲೇ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಉರಿತಗಳಾದವು. ನಾಲ್ಕರಲ್ಲಿ ಒಂದು ಮುನಿದು ಕುಳಿತರೆ ಪ್ರತಿ ಸೆಕೆಂಡಿಗೂ ಆರು ಬಾರಿ ತಾಳ ತಪ್ಪುತ್ತದೆ. ಸೈಲೆನ್ಸರಿನ ಬಾಯಲ್ಲಿ ಕಿವಿಗೊಟ್ಟರೆ ಅದು ಸ್ಪಷ್ಟವಾಗಿ ಕೇಳಿಸುವುದು. ಹೀಗೆ ಕೇಳುವಾಗ ಒಂದು ಭೇದವನ್ನು ಗುರುತಿಸಿಕೊಳ್ಳಿರಿ. ತಪ್ಪುವಿಕೆ ಒಂದೇ ಲಯದಲ್ಲಿ ಬರುತ್ತಿದ್ದರೆ ದೋಷ ಯಾವುದೋ ಒಂದು ಸಿಲಿಂಡರಿಗೆ ಸೇರಿದ್ದು. ಲಯವೇ ಇಲ್ಲದೆ ಒಮ್ಮೆ ಹೊಡೆದು, ಒಮ್ಮೆ ಬಿಟ್ಟು, ಒಮ್ಮೆ ಇಂಜಿನ್ ನಿಂತೇ ಹೋಗುವಂತಿದ್ದರೆ ದೋಷ ಎಲ್ಲಕ್ಕೂ ಸಮಾನವಾದ ಇಂಧನದ ದಾರಿಯಲ್ಲಿದೆ.

ಈ ಎರಡನೆಯದೇ ಹೆಚ್ಚು ಸಾಮಾನ್ಯ. ಹಳೆಯ ಡೀಸೆಲ್ ವಾಹನಗಳಲ್ಲಿ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಲ್ಲಿ ಇಂಧನವು ಹೀರಲ್ಪಡುತ್ತದೆ, ನೂಕಲ್ಪಡುವುದಿಲ್ಲ. ಆದುದರಿಂದ ಆ ಭಾಗದಲ್ಲಿ ರಬ್ಬರು ಬಿರಿದಿದ್ದರೂ ತಾಮ್ರದ ವಾಷರು ಸಡಿಲವಾಗಿದ್ದರೂ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ನುಗ್ಗುವುದೇ ಹೆಚ್ಚು. ಕೆಳಗೆ ಒಂದು ಹನಿಯೂ ಬಿದ್ದಿರದ ಕಾರಣ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ. ಗಾಳಿಯಾದರೋ ಕುಗ್ಗುವ ವಸ್ತು. ಇಂಜೆಕ್ಷನ್ ಪಂಪು ಒತ್ತಿದಾಗ ಅದು ಕುಗ್ಗಿ ಕೂರುತ್ತದೆ, ನಾಝಲ್ ತೆರೆಯುವಷ್ಟು ಒತ್ತಡವೇ ಹುಟ್ಟುವುದಿಲ್ಲ. 'ಏರ್ ಹಿಡಿದಿದೆ' ಎಂಬ ಮಾತಿನ ಅರ್ಥ ಇದೇ.

ಫಿಲ್ಟರಿನ ಮೇಲಿರುವ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗಿ, ನೊರೆ ನಿಂತು ಶುದ್ಧ ಡೀಸೆಲ್ ಬರುವಾಗ ಸ್ಕ್ರೂವನ್ನು ಬಿಗಿಯಿರಿ. ಇಂಜಿನ್ ನೆಟ್ಟಗಾಯಿತೆನ್ನಿ. ಅಲ್ಲಿಗೇ ಬಿಟ್ಟರೆ ಕೆಲಸ ಅರ್ಧವಾದಂತೆ. ಹತ್ತು ಮೈಲು ಹೋಗಿ ಮತ್ತೆ ಕುಂಟಿದರೆ ಗಾಳಿ ಒಳಬರುವ ತೂತು ಇನ್ನೂ ಇದೆಯೆಂದಾಯಿತು. ಅದನ್ನು ಹುಡುಕಲು ಹಳಬರು ಮಾಡುತ್ತಿದ್ದ ಉಪಾಯ ಬಲು ಸೊಗಸಾದುದು. ಒಂದು ಶುಚಿಯಾದ ಕ್ಯಾನಿನಲ್ಲಿ ಒಳ್ಳೆಯ ಡೀಸೆಲ್ ತುಂಬಿ, ಇಂಜಿನಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ಹೊಸ ರಬ್ಬರು ನಳಿಗೆಯನ್ನು ನೇರ ಫೀಡ್ ಪಂಪಿಗೆ ಕೊಡುವುದು. ಗಾಡಿಯನ್ನು ನಿಲ್ಲಿಸಿಯೇ ಇಂಜಿನನ್ನು ಸ್ವಲ್ಪ ಹೊತ್ತು ಓಡಿಸಿದಾಗ ಕುಂಟು ಮಾಯವಾದರೆ ಪಂಪು, ನಾಝಲ್, ಸಿಲಿಂಡರುಗಳೆಲ್ಲ ನಿರಪರಾಧಿಗಳು. ಕಳ್ಳನಿರುವುದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ಕೆಲವು ಅಡಿ ನಳಿಗೆಯ ಖರ್ಚಿನಲ್ಲಿ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಸಿಗುವ ಇನ್ನೊಂದು ಪರೀಕ್ಷೆಯನ್ನು ನಾವರಿಯೆವು.

ಮಳೆಗಾಲದ ಆರಂಭವೆಂದರೆ ನೀರಿನ ಸಂಶಯವೂ ಬಲವಾದುದೇ. ಟ್ಯಾಂಕಿನ ಮುಚ್ಚಳದ ವಾಷರು ಹಳತಾಗಿದ್ದರೆ ನಮ್ಮ ಕಡೆಯ ಮಳೆಗೆ ಒಳಹೋಗಲು ಅಷ್ಟೇ ಸಾಕು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟುವುದೂ ಉಂಟು. ಫಿಲ್ಟರಿನ ತಳದ ಸ್ಕ್ರೂ ತೆಗೆದು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ಕಾಲು ಗಂಟೆ ಕದಲಿಸದೆ ಇಡಿರಿ. ನೀರು ಡೀಸೆಲಿಗಿಂತ ಭಾರವಾದುದರಿಂದ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಎರಡರ ಸಂಧಿಯಲ್ಲಿ ಕಪ್ಪು ಲೋಳೆಯಂತಹುದು ಕಂಡರೆ ಅದು ನೀರಿನಲ್ಲಿ ಬದುಕಿ ಡೀಸೆಲನ್ನು ತಿನ್ನುವ ಸೂಕ್ಷ್ಮಜೀವಿಗಳ ಬೆಳೆ. ಆಗ ಫಿಲ್ಟರು ಬದಲಿಸಿದರೆ ಸಾಲದು, ಟ್ಯಾಂಕನ್ನೇ ಇಳಿಸಿ ತೊಳೆಯಬೇಕು.

ನಿಂತಲ್ಲಿ ಸರಿಯಾಗಿದ್ದು, ಚಡಾವಿನಲ್ಲಿ ಮಾತ್ರ ಕುಂಟುವ ವಾಹನಕ್ಕೆ ಇಂಧನದ ಪೂರೈಕೆ ಸಾಲುತ್ತಿಲ್ಲ. ಫಿಲ್ಟರು ಕಟ್ಟಿದೆಯೋ, ಟ್ಯಾಂಕಿನೊಳಗಿನ ಜಾಲರಿಗೆ ಕಸ ಮೆತ್ತಿದೆಯೋ ನೋಡಬೇಕು. ಅದಕ್ಕೂ ಮುಂಚೆ ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆಯಿರಿ. 'ಸುಂಯ್' ಎಂದು ಗಾಳಿ ಒಳನುಗ್ಗಿದ ಶಬ್ದವಾದರೆ, ಅನಂತರ ವಾಹನ ಚೆನ್ನಾಗಿ ಎಳೆದರೆ, ಮುಚ್ಚಳದ ಉಸಿರುರಂಧ್ರ ಕಟ್ಟಿದೆ. ಇದಕ್ಕೆ ಬೇಕಾದುದು ಒಂದು ಸೂಜಿ.

ಇನ್ನು ಒಂದೇ ಲಯದಲ್ಲಿ ತಪ್ಪುವ ಇಂಜಿನಿನ ವಿಷಯ. ಯಾವ ಸಿಲಿಂಡರು ಮೌನವಾಗಿದೆಯೆಂದು ಕಂಡುಹಿಡಿಯಲು ಬಲ್ಲ ಮೆಕ್ಯಾನಿಕರು ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ನಾಝಲಿಗೆ ಬರುವ ಪೈಪಿನ ನಟ್ಟನ್ನು, ಮೇಲೆ ದಪ್ಪ ಬಟ್ಟೆ ಮುಚ್ಚಿ, ಒಂದೊಂದಾಗಿ ಸಡಿಲಿಸುತ್ತಾರೆ. ದುಡಿಯುತ್ತಿರುವ ಸಿಲಿಂಡರಿನದಾದರೆ ಇಂಜಿನಿನ ಸದ್ದು ಇನ್ನಷ್ಟು ಕುಗ್ಗುತ್ತದೆ. ಸಡಿಲಿಸಿದರೂ ಸದ್ದಿನಲ್ಲಿ ಏನೂ ಬದಲಾಗದಿದ್ದರೆ ಅದೇ ಮೌನಿ. ಸಡಿಲಿಸಿದಲ್ಲಿ ಡೀಸೆಲೇ ಬರುತ್ತಿಲ್ಲವಾದರೆ ದೋಷ ಪಂಪಿನ ಕಡೆಯದು. ಬರುತ್ತಿದ್ದರೆ ಆ ನಾಝಲನ್ನೂ ಪಕ್ಕದ ಒಳ್ಳೆಯ ನಾಝಲನ್ನೂ, ತಳಕ್ಕೆ ಹೊಸ ವಾಷರು ಹಾಕಿ, ಅದಲುಬದಲು ಮಾಡಿಸಿರಿ. ಮೌನವೂ ನಾಝಲಿನೊಡನೆ ಪಕ್ಕದ ಸಿಲಿಂಡರಿಗೆ ಹೋಯಿತೆಂದರೆ ನಾಝಲೇ ಕೆಟ್ಟದ್ದು. ಅದನ್ನು ಪಂಪು ರಿಪೇರಿಯವರಲ್ಲಿ ಪರೀಕ್ಷಿಸಿ ಸರಿಪಡಿಸಿಕೊಳ್ಳಬಹುದು, ಇಂಜಿನ್ ಬಿಚ್ಚುವ ಮಾತೇ ಇಲ್ಲ. ಮೌನ ಅಲ್ಲಿಯೇ ಉಳಿದರೆ ಮಾತ್ರ ಟ್ಯಾಪೆಟ್, ವಾಲ್ವು, ಕಂಪ್ರೆಶನ್ನುಗಳ ವಿಚಾರ. (ಇಂತಹ ಪಂಪು, ನಾಝಲುಗಳನ್ನು ಹಳಬರು ಈಗಲೂ 'ಮೈಕೋ' ಎಂದೇ ಕರೆಯುವುದುಂಟು. 1951ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಆ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ತಳೆಯಿತು. ಜನರ ನಾಲಗೆ ಮಾತ್ರ ಹೆಸರು ಬದಲಿಸಲಿಲ್ಲ.)

ಇಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕಾಗಿದೆ. ಮೇಲಿನ ಪರೀಕ್ಷೆ ಹಳೆಯ ಯಾಂತ್ರಿಕ ಪಂಪಿನ ಇಂಜಿನುಗಳಿಗೆ ಮಾತ್ರ. ಕಾಮನ್ ರೈಲ್ ಎಂಬ ಹೊಸ ಪದ್ಧತಿಯ ಇಂಜಿನುಗಳಲ್ಲಿ ಒತ್ತಡ ವಾತಾವರಣದ ಸಾವಿರ ಪಟ್ಟನ್ನೂ ಮೀರುತ್ತದೆ. ಓಡುವಾಗ ಅದರ ನಟ್ಟಿಗೆ ಪಾನ ಮುಟ್ಟಿಸುವುದು ಪ್ರಾಣಾಪಾಯ. ಹಳೆಯದರಲ್ಲಿಯೂ ನಾಝಲ್ ಸಿಂಪಡಿಸುವುದನ್ನು ಬೆರಳಿನಿಂದ ಪರೀಕ್ಷಿಸಲು ಹೋಗಬಾರದು. ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಮಾಂಸ ಕೊಳೆಯತೊಡಗುತ್ತದೆ. ನೋವಿಲ್ಲವೆಂದು ಮನೆಯಲ್ಲಿ ಕುಳಿತು ಬೆರಳು ಕಳೆದುಕೊಂಡವರಿದ್ದಾರೆ. ತಡಮಾಡದೆ ಆಸ್ಪತ್ರೆಗೆ ಹೋಗಿ, ಹೊಕ್ಕಿರುವುದು ಒತ್ತಡದ ಡೀಸೆಲ್ ಎಂದು ಸ್ಪಷ್ಟವಾಗಿ ತಿಳಿಸಬೇಕು.

ಪೆಟ್ರೋಲ್ ಜೀಪುಗಳನ್ನು ಇನ್ನೂ ಉಳಿಸಿಕೊಂಡವರಿಗೆ ಎರಡು ಮಾತು. ಮಳೆಯಲ್ಲಿ ತಪ್ಪಿ ಹೊಡೆದರೆ ಇಂಜಿನ್ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಣ ಬಟ್ಟೆಯಿಂದ ಒಳಗೂ ಹೊರಗೂ ಒರಸಿರಿ. ಬಹಳ ಸಲ ಅಷ್ಟಕ್ಕೇ ಗುಣವಾಗುವುದು. ರಾತ್ರಿ ಕತ್ತಲೆಯಲ್ಲಿ ಬಾನೆಟ್ ಎತ್ತಿ ನೋಡಿದರೆ ಹಳತಾದ ಪ್ಲಗ್ ವೈರುಗಳಿಂದ ನೀಲಿ ಕಿಡಿ ಹಾರುವುದು ಕಾಣಿಸುತ್ತದೆ, ಕೈ ಮಾತ್ರ ದೂರವಿರಲಿ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ಕ್ಕೆ ಏರಿದೆ. ಅದು ನೀರನ್ನು ಹೀರುವ ಗುಣವುಳ್ಳದ್ದು, ಹಳೆಯ ರಬ್ಬರಿಗೂ ಆಗದು. ಆದುದರಿಂದ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವ ಜೀಪಿನ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬಾರದು, ನಳಿಗೆಗಳನ್ನು ಬದಲಿಸಿಕೊಳ್ಳಬೇಕು.

ಇಂಜಿನ್ ಬಿಚ್ಚಲೇಬೇಕಾದ ಸಂದರ್ಭವೂ ಇಲ್ಲದಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಮೌನವಾಗಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಿಮೆಯಾಗುವುದು, ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆಗಳೇಳುತ್ತಲೇ ಇರುವುದು, ಎಣ್ಣೆಯ ಕಡ್ಡಿಯಲ್ಲಿ ಹಾಲು ಬೆರೆಸಿದ ಬಣ್ಣ ಕಾಣುವುದು - ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಇಂಜಿನ್ ನಿಲ್ಲಿಸಿ, ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಸಿಕೊಂಡು ಹೋಗುವುದೇ ಲೇಸು. ಹಾಗೆಯೇ ಓಡಿಸಿದರೆ ಗ್ಯಾಸ್ಕೆಟ್ಟಿನ ಖರ್ಚು ಹೆಡ್ಡಿನ ಖರ್ಚಾಗುತ್ತದೆ, ಹೆಡ್ಡಿನದು ಇಡೀ ಇಂಜಿನಿನದಾಗುತ್ತದೆ. ಪತ್ರ ಬರೆದ ಮಹನೀಯರು ನೀರು ಕಡಿಮೆಯಾಗಿಲ್ಲವೆಂದೂ, ಕುಂಟುವಿಕೆಗೆ ಲಯವಿಲ್ಲವೆಂದೂ ತಿಳಿಸಿದ್ದಾರೆ. ಆದುದರಿಂದ ಅವರು ಗಾಜಿನ ಬಾಟಲಿಯಿಂದ ಆರಂಭಿಸಿ, ಅನಂತರ ಕ್ಯಾನನ್ನು ಕಟ್ಟಿ ನೋಡಲಿ. ಫಲಿತಾಂಶವನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಉಳಿದುದನ್ನು ವಿಚಾರಿಸೋಣ.