ಕಾಲುರಿಯೂ ಹತ್ತು ಪ್ರಶ್ನೆಗಳೂ

ಮುಂಬಯಿಯ ಉಡುಪಿ ಹೋಟೆಲುಗಳ ಅಡಿಗೆಮನೆಗಳಲ್ಲಿ, ರಾತ್ರಿ ಮೈಚೆಲ್ಲಿದೊಡನೆ ಅಂಗಾಲು ಉರಿಯುತ್ತದೆಂದು ಹೇಳುವ ನಡುವಯಸ್ಸಿನವರು ಅಪರೂಪವಲ್ಲ. ದಿನವಿಡೀ ಒದ್ದೆ ನೆಲದ ಮೇಲೆ ನಿಂತವನಿಗೆ ಕಾಲು ನೋಯದೆ ಇದ್ದೀತೆ ಎಂಬುದು ಮಾಲಿಕರ ಸಮಾಧಾನ. ಮೈಯಲ್ಲಿ ಉಷ್ಣ ಏರಿದೆ ಎಂಬುದು ಜೊತೆಗಾರರ ರೋಗನಿರ್ಣಯ. ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಮಜ್ಜಿಗೆ ಕುಡಿದು, ಮರುದಿನ ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮತ್ತೆ ಕೆಲಸಕ್ಕೆ ನಿಲ್ಲುವುದು ರೂಢಿಯಾಗಿದೆ. ತಿಂಗಳುಗಟ್ಟಲೆ ನುಂಗಿದ ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ. ಉರಿ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಇದಕ್ಕೆ ಕಾರಣವುಂಟು. ಕೈ ಸುಟ್ಟಾಗಲೋ ಕೀಲು ಊದಿಕೊಂಡಾಗಲೋ ಆಗುವ ನೋವಿನಲ್ಲಿ ನರವು ಕೇವಲ ಸುದ್ದಿ ಒಯ್ಯುವ ದೂತ. ನರಕ್ಕೇ ಗಾಯವಾದಾಗ ಹುಟ್ಟುವ ನೋವಿನ ಜಾತಿಯೇ ಬೇರೆ. ಕರೆಗಂಟೆಯ ತಂತಿಗಳು ಒಳಗೆ ಸವೆದು ಒಂದಕ್ಕೊಂದು ತಾಗಿಕೊಂಡಿದ್ದರೆ ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಲೇ ಇರುವುದಲ್ಲವೆ, ಹಾಗೆ. ಬಹುಕಾಲದ ಮಧುಮೇಹ, ಸರ್ಪಸುತ್ತು, ಕುಷ್ಠ, ಬೆನ್ನೆಲುಬಿನ ಬಿಲ್ಲೆ ಜರುಗಿ ನರವನ್ನು ಒತ್ತುವುದು, ಬಿ-೧೨ ಜೀವಸತ್ವದ ಕೊರತೆ, ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು, ಇವೆಲ್ಲ ನರವನ್ನು ಕೆಡಿಸಬಲ್ಲವು. ಇಂಥ ನೋವಿಗೆ ಸಾಮಾನ್ಯ ನೋವುನಿವಾರಕಗಳು ಹೆಚ್ಚು ಉಪಯೋಗಕ್ಕೆ ಬಾರವು. ವೈದ್ಯರು ಮೊದಲು ಕೊಡುವುದು ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್ ಮುಂತಾದವನ್ನು. ಇವುಗಳಲ್ಲಿ ಮೊದಲಿನೆರಡು ಮನೋವ್ಯಾಕುಲತೆಗೂ ಕೊಡುವ ಔಷಧಗಳು. ಅಂಗಡಿಯವನಿಂದ ಅಷ್ಟು ತಿಳಿದೊಡನೆಯೇ, ‘ಡಾಕ್ಟರು ನನಗೆ ಹುಚ್ಚೆಂದು ತಿಳಿದರು’ ಎಂದು ಚೀಟಿಯನ್ನು ಹರಿದೆಸೆಯುವವರೂ ಇದ್ದಾರೆ. ನಾಲ್ಕು ಮಾತು ಬಿಡಿಸಿ ಹೇಳುವ ವ್ಯವಧಾನ ವೈದ್ಯರಿಗೂ ಇರಬೇಕು.

ಎರಡು ಬಗೆಯ ನೋವನ್ನು ಬೇರ್ಪಡಿಸುವುದು ಹೇಗೆ? ಎಕ್ಸ್‌ರೇಯಲ್ಲಿ ನರ ಕಾಣದು. ನರದ ವೇಗವನ್ನು ಅಳೆಯುವ ಯಂತ್ರಪರೀಕ್ಷೆಗೆ ಹಣ ಬೇಕು. ಸಾಲದುದಕ್ಕೆ, ಉರಿಯ ಸುದ್ದಿಯನ್ನು ಒಯ್ಯುವ ಅತಿ ಸೂಕ್ಷ್ಮ ತಂತುಗಳ ಹಾನಿ ಆ ಯಂತ್ರಕ್ಕೆ ತಿಳಿಯದೆಯೂ ಹೋಗಬಹುದು. ಆದುದರಿಂದ ಶೋಧಕರು ರೋಗಿಯ ಮಾತಿಗೇ ಕಿವಿಗೊಟ್ಟರು. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ೧೯೭೫ರಲ್ಲಿ ನೋವನ್ನು ಬಣ್ಣಿಸುವ ೭೮ ಶಬ್ದಗಳನ್ನು ೨೦ ಗುಂಪುಗಳಾಗಿ ಜೋಡಿಸಿ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಮುಂದೆ, ನರದ ನೋವನ್ನೇ ಹೆಕ್ಕಿ ತೆಗೆಯುವುದಕ್ಕಾಗಿ ೨೦೦೧ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಿಂದ ‘ಲ್ಯಾನ್ಸ್’, ೨೦೦೫ರಲ್ಲಿ ಫ್ರಾನ್ಸಿನಿಂದ ‘ಡಿ.ಎನ್.-೪’, ೨೦೦೬ರಲ್ಲಿ ಜರ್ಮನಿಯಿಂದ ‘ಪೇನ್‌ಡಿಟೆಕ್ಟ್’ ಎಂಬ ಪ್ರಶ್ನಾವಳಿಗಳು ಹೊರಬಂದವು.

ಇವುಗಳಲ್ಲಿ ಫ್ರೆಂಚರದು ನಮ್ಮಂಥವರಿಗೆ ಸುಲಭವಾಗಿ ತಿಳಿಯುವಂಥದು. ನೋವು ಉರಿಯಂತಿದೆಯೆ? ಕೊರೆಯುವ ತಣುಪಿನಂತಿದೆಯೆ? ವಿದ್ಯುತ್ತು ಹೊಡೆದಂತಾಗುವುದೆ? ನೋವಿರುವಲ್ಲಿ ಜುಮುಗುಡುವುದೆ, ಸೂಜಿ ಚುಚ್ಚಿದಂತಾಗುವುದೆ, ಮರಗಟ್ಟುವುದೆ, ನವೆಯಾಗುವುದೆ? ಹೀಗೆ ಏಳು. ಉಳಿದ ಮೂರನ್ನು ವೈದ್ಯರೇ ಪರೀಕ್ಷಿಸಬೇಕು: ಮೆಲ್ಲನೆ ಮುಟ್ಟಿದ್ದು ತಿಳಿಯುವುದೆ, ಮೊನೆ ತಾಗಿದ್ದು ತಿಳಿಯುವುದೆ, ಕುಂಚದಿಂದ ಸವರಿದರೆ ನೋವು ಹುಟ್ಟುವುದೆ ಅಥವಾ ಹೆಚ್ಚುವುದೆ. ಹತ್ತರಲ್ಲಿ ನಾಲ್ಕು ಕೂಡಿಬಂದರೆ ನರದ ನೋವೆಂದು ಶಂಕಿಸತಕ್ಕದ್ದು. ೧೬೦ ರೋಗಿಗಳ ಮೇಲೆ ನಡೆಸಿದ ಮೊದಲ ಪರೀಕ್ಷೆಯಲ್ಲಿ, ನರದ ನೋವುಳ್ಳವರಲ್ಲಿ ನೂರಕ್ಕೆ ಸುಮಾರು ೮೩ ಮಂದಿಯನ್ನು ಇದು ಗುರುತಿಸಿತು. ಬೇರೆ ನೋವಿನವರಲ್ಲಿ ನೂರಕ್ಕೆ ಸುಮಾರು ೯೦ ಮಂದಿಯನ್ನು ಸರಿಯಾಗಿಯೇ ಹೊರಗಿಟ್ಟಿತು. ಬೇಕಾದ ಸಲಕರಣೆ ಒಂದು ಹಾಳೆ, ಒಂದು ಕುಂಚ, ಒಂದು ಮೊನೆ; ಹಿಡಿಯುವ ಕಾಲ ಕೆಲವೇ ನಿಮಿಷ.

ಅಂದಮೇಲೆ ಈ ಪರೀಕ್ಷೆಯ ಜೀವಾಳವಿರುವುದು ಶಬ್ದಗಳಲ್ಲಿ. ನಮ್ಮವರು ಸೋಲುವುದೂ ಅಲ್ಲಿಯೇ. ಕಾರ್ಕಳದಿಂದಲೋ ಕಲಬುರ್ಗಿಯಿಂದಲೋ ಬಂದವನು ಮುಂಬಯಿಯ ಆಸ್ಪತ್ರೆಯಲ್ಲಿ ಸರದಿ ಬಂದಾಗ ‘ಬಹುತ್ ದರ್ದ್ ಹೈ’ ಎನ್ನುತ್ತಾನೆ, ಅಷ್ಟೆ. ಜೋಮು, ನವೆ, ಉರಿ, ಇರುವೆ ಹರಿದಂತಾಗುವುದು, ಹಾಸಿಗೆಯ ಬಟ್ಟೆ ಸೋಕಿದರೂ ಸಹಿಸಲಾಗದಿರುವುದು, ಎಲ್ಲವೂ ಆ ಒಂದು ‘ದರ್ದ್’ನಲ್ಲಿ ಮುಳುಗಿಹೋಗುತ್ತವೆ. ತಾಯಿನುಡಿಯಲ್ಲಿ ಹತ್ತು ಬಗೆಯಾಗಿ ಹೇಳಬಲ್ಲವನು ಪರಭಾಷೆಯಲ್ಲಿ ಒಂದೇ ಬಗೆಯಾಗಿ ನರಳುತ್ತಾನೆ. ಚೆನ್ನೈಯಲ್ಲಿಯೂ ಹೈದರಾಬಾದಿನಲ್ಲಿಯೂ ಇರುವ ನಮ್ಮ ಜನರ ಪಾಡು ಇದಕ್ಕಿಂತ ಬಹಳ ಭಿನ್ನವಾಗಿರದು.

ಈ ಪ್ರಶ್ನೆಗಳನ್ನು ಹೊರನಾಡಿನ ಕನ್ನಡಿಗನಿಗೆ ಕನ್ನಡದಲ್ಲಿಯೇ ಕೇಳಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ನಿಘಂಟು ಬಿಡಿಸಿಟ್ಟುಕೊಂಡು ಅನುವಾದಿಸಿದರೆ ಸಾಲದು. ಇದಕ್ಕೊಂದು ಕ್ರಮವಿದೆ: ಇಬ್ಬರು ಬೇರೆ ಬೇರೆಯಾಗಿ ಕನ್ನಡಿಸಬೇಕು, ಮೂಲವನ್ನು ನೋಡದ ಮೂರನೆಯವರು ಅದನ್ನು ಮರಳಿ ಮೂಲಭಾಷೆಗೆ ತರಬೇಕು, ಬಳಿಕ ರೋಗಿಗಳ ಮುಂದಿಟ್ಟು ಪರೀಕ್ಷಿಸಬೇಕು. ಮೈಸೂರಿನವರು ‘ಜೋಮು’ ಎಂದುದನ್ನು ಧಾರವಾಡದವರು ‘ಜುಮ್ಮು’ ಎಂದಾರು. ‘ಉರಿ’ ಎಂದರೆ ಗಾಯದ ಉರಿಯೂ ಆಗಬಹುದು, ಹೊಟ್ಟೆಯ ಉರಿಯೂ ಆಗಬಹುದು. ಪಂಡಿತರ ‘ದಾಹಕ ವೇದನೆ’ಯನ್ನು ಕೇಳಿದರೆ ನಮ್ಮ ದೋಸೆಭಟ್ಟರು ತಲೆಯಾಡಿಸಿ ಎದ್ದುಹೋದಾರು!

ಪ್ರಶ್ನಾವಳಿಯು ಜರಡಿಯೇ ಹೊರತು ತೀರ್ಪಲ್ಲ. ನರದ ನೋವುಳ್ಳ ಹತ್ತು ಮಂದಿಯಲ್ಲಿ ಒಬ್ಬಿಬ್ಬರು ಇದರ ಕಣ್ಣಿಯಿಂದ ಜಾರುತ್ತಾರೆ. ಅಂಕ ಕಡಿಮೆ ಬಂತೆಂದು ವೈದ್ಯರು ಪರೀಕ್ಷೆಯನ್ನು ಬಿಡಬಾರದು. ಹೆಚ್ಚು ಬಂತೆಂದು ರೋಗಿ ತಾನೇ ಅಂಗಡಿಯಿಂದ ಮಾತ್ರೆ ತರಲೂ ಬಾರದು. ಕೆಲಸಗಾರನು ನಿಜ ಹೇಳುತ್ತಿದ್ದಾನೆಯೆ ಎಂದು ಅಳೆಯಲು ಮಾಲಿಕರು ಇದನ್ನು ಹಿಡಿಯುವುದಂತೂ ಸಲ್ಲದು. ನಾವೂ ಹೋಟೆಲು ನಡೆಸಿದವರು. ರಜೆ ಕೇಳಲು ಬಂದವನ ಮುಖ ನೋಡಿ ಸತ್ಯಾಸತ್ಯ ತೂಗುವ ಗಲ್ಲಾಪೆಟ್ಟಿಗೆಯ ನ್ಯಾಯವನ್ನು ಬಲ್ಲೆವು. ಊತವಿಲ್ಲ, ಗಾಯವಿಲ್ಲ ಎಂಬ ಕಾರಣಕ್ಕೆ ನೋವೂ ಇಲ್ಲವೆಂದು ಆಗದು.

ನಮ್ಮ ಸಂಘಸಂಸ್ಥೆಗಳು ಆರೋಗ್ಯ ಶಿಬಿರಗಳನ್ನು ಏರ್ಪಡಿಸಿ ರಕ್ತದೊತ್ತಡ ನೋಡಿಸುತ್ತವೆ, ಸಕ್ಕರೆ ಅಳೆಯಿಸುತ್ತವೆ, ಕನ್ನಡಕ ಹಂಚುತ್ತವೆ. ಸ್ತುತ್ಯ ಕಾರ್ಯ. ಸಕ್ಕರೆ ಅಳೆಯುವ ಮೇಜಿನ ಪಕ್ಕದಲ್ಲಿಯೇ ಇನ್ನೊಂದು ಮೇಜನ್ನಿಟ್ಟು, ಕನ್ನಡ ಬಲ್ಲ ವೈದ್ಯರೊಬ್ಬರನ್ನು ಕೂರಿಸಿ, ಬಂದವರ ಪಾದರಕ್ಷೆ ಬಿಡಿಸಿ ಪಾದವನ್ನು ನೋಡಿ, ಈ ಹತ್ತನ್ನೂ ಕೇಳಲಿ. ನಾಲ್ಕು ದಾಟಿದವರ ಕೈಗೆ, ಯಾವ ಯಾವ ಲಕ್ಷಣಗಳಿವೆಯೆಂದು ಇಲ್ಲಿಯ ಆಸ್ಪತ್ರೆಗೆ ತಿಳಿಯುವ ಭಾಷೆಯಲ್ಲಿ ಬರೆದ ಚೀಟಿಯನ್ನು ಕೊಡಲಿ. ಹಕ್ಕುದಾರರ ಅನುಮತಿ ಪಡೆದು, ಕ್ರಮವಾಗಿ ಕನ್ನಡಿಸಿದ ಹಾಳೆಯನ್ನು ವೈದ್ಯರು ಕಳುಹಿಸಿದಲ್ಲಿ, ಶಿಬಿರಗಳಿಗೆ ಬೇಕಾದಷ್ಟು ಪ್ರತಿಗಳನ್ನು ನಮ್ಮ ಮುದ್ರಣಾಲಯವು ಉಚಿತವಾಗಿ ಅಚ್ಚುಮಾಡಿ ಕೊಡುವುದು.