ಹಮಾಲರ ಬೆನ್ನಿನ ಹೊರೆಗೆ ಯಾರು ಹೊಣೆ?

ವೈಟ್‌ಫೀಲ್ಡ್‌ನಾಚೆಯ ಹೊಸಕೋಟೆ ಹಾಗೂ ತುಮಕೂರು ರಸ್ತೆಯ ನೆಲಮಂಗಲದ ಸುತ್ತ ಬೃಹತ್ ಗೋದಾಮುಗಳು ತಲೆಯೆತ್ತಿವೆ. ಇಂತಹ ಆಧುನಿಕ ಗೋದಾಮುಗಳಲ್ಲಿ ಲಾರಿಯ ಮಟ್ಟಕ್ಕೆ ಸರಿಹೊಂದುವ ಕಟ್ಟೆ, ಫೋರ್ಕ್‌ಲಿಫ್ಟ್‌ಗಳು ಇರುತ್ತವೆ. ಆದರೆ ಪೀಣ್ಯದ ಅನೇಕ ಸಣ್ಣ ಘಟಕಗಳಲ್ಲಿ ಲಾರಿ ರಸ್ತೆಯಲ್ಲೇ ನಿಲ್ಲುತ್ತದೆ. ಸರಕು ಇಳಿಯುವುದು ಹಮಾಲರ ಹೆಗಲ ಮೇಲೆಯೇ.

ಮೊಣಕಾಲು ಮಡಿಸಿ ಎತ್ತಿ, ಹೊರೆಯನ್ನು ಮೈಗೆ ಹತ್ತಿರ ಹಿಡಿಯಿರಿ, ಸೊಂಟ ತಿರುಚಬೇಡಿ ಎಂಬುದು ಸುರಕ್ಷತಾ ಸಪ್ತಾಹಗಳ ಉಪದೇಶ. ಅದು ಸರಿಯೇ. ಆದರೆ ಎದೆಯೆತ್ತರದ ಲಾರಿಯಿಂದ ಮೂಟೆಯನ್ನು ಹೆಗಲಿಗೆಳೆದುಕೊಳ್ಳುವವನಿಗೆ ಮೊಣಕಾಲು ಮಡಿಸುವ ಅವಕಾಶವೆಲ್ಲಿದೆ? ಮೂಟೆಯ ಲೆಕ್ಕದಲ್ಲಿ ಕೂಲಿ ಸಿಗುವಾಗ ನಿಧಾನವೂ ನಷ್ಟವೇ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳಿದ್ದರೂ ಎತ್ತಬಹುದಾದ ಭಾರ 23 ಕಿಲೋ. ದೂರ ಚಾಚಿದಷ್ಟೂ, ಮೈ ತಿರುಚಿದಷ್ಟೂ ಈ ಮಿತಿ ಇಳಿಯುತ್ತದೆ. ನಮ್ಮಲ್ಲಿ ಒಂದು ಸಿಮೆಂಟ್ ಚೀಲವೇ 50 ಕಿಲೋ.

ಗಾಯವಾಗುವಷ್ಟು ಭಾರ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಹೇಳಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿಡುವ ಹೊಣೆಯನ್ನು ಮಾಲೀಕರಿಗೇ ವಹಿಸಿದೆ. ಆದರೆ ಮೇಸ್ತ್ರಿಯೊಡನೆ ಬಂದು, ಲಾರಿ ಖಾಲಿ ಮಾಡಿ ಹೋಗುವ ಹಮಾಲನಿಗೆ ಮಾಲೀಕ ಯಾರು? ಲಾರಿಯವನೋ, ಕಾರ್ಖಾನೆಯವನೋ, ಮೇಸ್ತ್ರಿಯೋ?

ಈ ಪ್ರಶ್ನೆಗೆ ಮಹಾರಾಷ್ಟ್ರವು 1969ರ ಮಾಥಾಡಿ ಕಾಯ್ದೆಯ ಮೂಲಕ ಉತ್ತರ ಹುಡುಕಿತು. ಅಲ್ಲಿ ಮಂಡಳಿಯೇ ಮಾಲೀಕರನ್ನೂ ಕಾರ್ಮಿಕರನ್ನೂ ನೋಂದಾಯಿಸುತ್ತದೆ. ಕೂಲಿಯೂ ಅದರ ಮೂಲಕವೇ ಪಾವತಿಯಾಗುತ್ತದೆ. ಕರ್ನಾಟಕದ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಯಲ್ಲಿ ಹಮಾಲರಿಗೂ ಸ್ಥಾನವಿದೆ. ಆದರೆ ಅಪಘಾತಕ್ಕೆ ದಿನಾಂಕವಿರುತ್ತದೆ, ಸಾಕ್ಷಿಯಿರುತ್ತದೆ. ಹತ್ತಾರು ವರ್ಷಗಳಲ್ಲಿ ಸವೆದ ಬೆನ್ನುಮೂಳೆಗೆ ಅವೆರಡೂ ಇಲ್ಲ. ನೋವು ತಾಳದೆ ಊರಿಗೆ ಮರಳಿದವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಆದ್ದರಿಂದ ತರಬೇತಿಯಷ್ಟೇ ಸಾಲದು. ಇಳಿಸುವ ಜಾಗಕ್ಕೊಂದು ಕಟ್ಟೆ, ತಳ್ಳುಗಾಡಿ, ಭಾರದ ಮೂಟೆಗೆ ಇಬ್ಬರು ಆಳು, ಕೂಲಿ ಪಡೆದವನ ಹೆಸರಿಗೊಂದು ದಾಖಲೆ: ಇವು ದುಬಾರಿ ಬೇಡಿಕೆಗಳಲ್ಲ. ಹೊರುವ ವಿಧಾನವನ್ನು ಹಮಾಲ ಕಲಿಯಲಿ. ಹೊರೆಯನ್ನು ತಗ್ಗಿಸುವುದನ್ನು ಹೊರಿಸುವವರು ಕಲಿಯಬೇಕು.